ವೈಫೈ ಕನೆಕ್ಟ್ ಆಗಿದೆ, ನೆಟ್ ಮಾತ್ರ ಇಲ್ಲ

ಪ್ರಶ್ನೆ: ಮನೆಗೆ ಫೈಬರ್ ಕನೆಕ್ಷನ್ ಇದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಫೋನು ವೈಫೈಗೆ ಕನೆಕ್ಟ್ ಆಗುತ್ತದೆ, ಆದರೆ ‘ಇಂಟರ್ನೆಟ್ ಇಲ್ಲ’ ಅನ್ನುತ್ತದೆ. ಹೊಸ ರೂಟರ್ ತರಬೇಕೇ? – ಓದುಗರು, ಶಿರಸಿ

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಫೋನಿನಲ್ಲಿ ವೈಫೈ ಗುರುತು ತುಂಬಿದ್ದರೆ ಫೋನಿನಿಂದ ರೂಟರ್‌ವರೆಗೆ ಎಲ್ಲ ಸರಿಯಿದೆ ಎಂದಷ್ಟೇ ಲೆಕ್ಕ. ತೊಂದರೆ ಇರುವುದು ಅಲ್ಲಿಂದಾಚೆ.

ಮೊದಲು ದೀಪಗಳನ್ನು ನೋಡಿ. ‘ಎಲ್‌ಓಎಸ್’ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ: ತಂತಿ ಎಲ್ಲೋ ತುಂಡಾಗಿದೆ, ಇಲ್ಲವೇ ಆಚೆ ಕಡೆಯ ಪೆಟ್ಟಿಗೆಗೂ ಕರೆಂಟ್ ಇಲ್ಲ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದ ಮೇಲೆ ಇದು ಮಾಮೂಲು. ಹಿಂಬದಿಯ ಹಸಿರು ಕನೆಕ್ಟರ್ ಸಡಿಲವಾಗಿದೆಯೇ, ತಂತಿ ಬೀರುವಿನ ಸಂದಿಯಲ್ಲಿ ಮಡಚಿಕೊಂಡಿದೆಯೇ ನೋಡಿ. ಅಷ್ಟರಲ್ಲಿ ಸರಿಯಾಗದಿದ್ದರೆ ಕಂಪನಿಗೆ ದೂರು ಕೊಡುವುದೊಂದೇ ದಾರಿ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲೇಬೇಡಿ. ಅದರೊಳಗಿನ ಲೇಸರ್ ಕಾಣುವುದಿಲ್ಲ, ಹಾಗೆಂದು ಇಲ್ಲ ಎಂದಲ್ಲ.

‘ಪಿಓಎನ್’ ದೀಪ (ಫೈಬರ್ ಸಂಪರ್ಕ ಸರಿಯಿದೆ ಎನ್ನುವ ಗುರುತು) ಸ್ಥಿರವಾಗಿದ್ದು ‘ಇಂಟರ್ನೆಟ್’ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಲಾಗಿನ್ ಆಗಿಲ್ಲ ಎಂದರ್ಥ. ಕರೆಂಟ್ ಹೋದಾಗ ಮಾತ್ರ ಹೀಗಾಗುತ್ತಿರುವುದರಿಂದ ನಿಮ್ಮ ಮನೆಯಲ್ಲಿ ಹೆಚ್ಚಿನ ಅನುಮಾನ ಇದರ ಮೇಲೆಯೇ. ಪಿಪಿಪಿಓಇ ಲಾಗಿನ್ (ರೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಗೆ ಕನೆಕ್ಟ್ ಆಗುವ ವಿಧಾನ) ಇರುವ ಕನೆಕ್ಷನ್‌ಗಳಲ್ಲಿ ರೂಟರ್ ದಿಢೀರ್ ಆರಿದರೆ ಕಂಪನಿಯ ಸರ್ವರ್‌ನಲ್ಲಿ ಹಳೆಯ ಸೆಷನ್ ಕೆಲ ಹೊತ್ತು ಹಾಗೇ ಉಳಿಯಬಹುದು. ಒಂದು ಖಾತೆಗೆ ಒಂದೇ ಸೆಷನ್ ಎಂಬ ನಿಯಮವಿದ್ದರೆ ಹೊಸ ಲಾಗಿನ್ ತಿರಸ್ಕೃತವಾಗುತ್ತದೆ. ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಹಾಗೇ ಬಿಟ್ಟು ಆನ್ ಮಾಡಿ. ಪದೇ ಪದೇ ಆಫ್–ಆನ್ ಮಾಡಿದರೆ ಉಪಯೋಗವಿಲ್ಲ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಮೊದಲು ಪೆಟ್ಟಿಗೆ ಹಚ್ಚಿ, ‘ಪಿಓಎನ್’ ದೀಪ ನಿಂತ ಮೇಲೆ ರೂಟರ್ ಹಚ್ಚಿ.

ಆಗಲೂ ಬರದಿದ್ದರೆ ಬ್ರೌಸರ್‌ನಲ್ಲಿ 192.168.1.1 ತೆರೆದು (ವಿಳಾಸ, ಪಾಸ್‌ವರ್ಡ್ ರೂಟರ್‌ನ ಅಡಿಯ ಚೀಟಿಯಲ್ಲಿರುತ್ತದೆ) ‘ಸ್ಟೇಟಸ್’ ಪುಟ ನೋಡಿ. ವ್ಯಾನ್ ಐಪಿ (ಕಂಪನಿ ನಿಮ್ಮ ರೂಟರ್‌ಗೆ ಕೊಡುವ ವಿಳಾಸ) ಜಾಗದಲ್ಲಿ 0.0.0.0 ಇದ್ದರೆ ಲಾಗಿನ್ ಆಗಿಲ್ಲ. ರೀಚಾರ್ಜ್ ಮುಗಿದಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ. 10ರಿಂದಲೋ 100.64ರಿಂದಲೋ ಶುರುವಾಗುವ ವಿಳಾಸವಿದ್ದರೆ ಗಾಬರಿ ಬೇಡ, ಅನೇಕ ಕಂಪನಿಗಳು ಅಂಥದ್ದನ್ನೇ ಕೊಡುತ್ತವೆ. ಅದೇ ಪುಟಗಳಲ್ಲಿ ‘ಆರ್‌ಎಕ್ಸ್ ಪವರ್’ (ಫೈಬರ್‌ನಲ್ಲಿ ಬರುತ್ತಿರುವ ಬೆಳಕಿನ ಬಲ) ಇದ್ದರೆ ಓದಿಕೊಳ್ಳಿ: ಮೈನಸ್ 20 ಡಿಬಿಎಂ ಆಸುಪಾಸು ಆರಾಮ, ಮೈನಸ್ 27 ದಾಟಿದ್ದರೆ ಬೆಳಕು ತೀರಾ ಕ್ಷೀಣ. ದೂರು ಕೊಡುವಾಗ ಈ ಅಂಕಿ ಹೇಳಿ. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಉತ್ತರದಿಂದ ಬಚಾವಾಗಬಹುದು.

ವ್ಯಾನ್ ಐಪಿ ಸರಿಯಿದ್ದೂ ಯಾವ ಸೈಟೂ ತೆರೆಯದಿದ್ದರೆ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping 1.1.1.1 ಎಂದು ಹೊಡೆಯಿರಿ. ಅದಕ್ಕೆ ಉತ್ತರ ಬಂದರೆ ಕೆಟ್ಟಿರುವುದು ಡಿಎನ್‌ಎಸ್ (ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ). ರೂಟರ್‌ನಲ್ಲಿ ಡಿಎನ್‌ಎಸ್ ಅನ್ನು 1.1.1.1 ಮತ್ತು 8.8.8.8 ಎಂದು ಕೊಡಿ. ಒಂದೇ ಫೋನಿಗೆ ತೊಂದರೆಯಿದ್ದರೆ ರೂಟರ್ ಮುಟ್ಟುವ ಅಗತ್ಯವೇ ಇಲ್ಲ: ಆ ಫೋನಿನ ‘ಪ್ರೈವೇಟ್ ಡಿಎನ್‌ಎಸ್’, ವಿಪಿಎನ್, ದಿನಾಂಕ ನೋಡಿ.

ಒಂದು ಮಾತ್ರ ಮಾಡಬೇಡಿ. ಪಿನ್ನು ಚುಚ್ಚಿ ರೀಸೆಟ್ ಒತ್ತಿದರೆ ಪಿಪಿಪಿಓಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ (ಕಂಪನಿಯ ಜಾಲದ ಗುರುತಿನ) ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಅವು ಬರೆದಿಟ್ಟಿಲ್ಲವಾದರೆ ಟೆಕ್ನಿಷಿಯನ್ ಬರುವವರೆಗೆ ಕಾಯಬೇಕು. ಕರೆಂಟ್ ಪದೇ ಪದೇ ಹೋಗುವ ಊರಾದರೆ ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿಸಿ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ (ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್) ಹೊಂದುತ್ತದೆಯೇ ನೋಡಿ.

ಪ್ರಶ್ನೆ: ಮಹಡಿಗೆಂದು ಹಳೆಯ ರೂಟರ್ ಜೋಡಿಸಿದೆವು. ಈಗ ಕೆಲವು ಫೋನಿಗೆ ನೆಟ್ ಬರುತ್ತದೆ, ಕೆಲವಕ್ಕೆ ಇಲ್ಲ. – ಓದುಗರು, ಹಾಸನ

ಉತ್ತರ: ಕೆಳಗಿನ ರೂಟರೂ ಮೇಲಿನದೂ ಎರಡೂ ವಿಳಾಸ ಹಂಚುತ್ತಿವೆ. ಮೇಲಿನದರಿಂದ ವಿಳಾಸ ಪಡೆದ ಫೋನು ಅದನ್ನೇ ಹೊರಬಾಗಿಲು ಎಂದುಕೊಳ್ಳುತ್ತದೆ, ಅದಕ್ಕೋ ಹೊರಗಿನ ದಾರಿಯೇ ಇಲ್ಲ. ಮೇಲಿನ ರೂಟರ್‌ಗೆ ಕಂಪ್ಯೂಟರ್ ಒಂದನ್ನೇ ಜೋಡಿಸಿ, ಮೊದಲು ಆ ರೂಟರ್‌ನ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.1.2 ಮಾಡಿ (ಕೆಳಗಿನದು 192.168.1.1 ಆಗಿದ್ದರೆ), ಆಮೇಲೆ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಕೆಳಗಿನಿಂದ ಬರುವ ಕೇಬಲನ್ನು ವ್ಯಾನ್‌ಗಲ್ಲ, ಲ್ಯಾನ್ ಪೋರ್ಟ್‌ಗೆ ಚುಚ್ಚಿ. ಈ 192.168.1.2 ಕೆಳಗಿನ ರೂಟರ್ ಹಂಚುವ ವಿಳಾಸಗಳ ಪಟ್ಟಿಯಿಂದ ಹೊರಗಿರಬೇಕು. ಮುಗಿದ ಮೇಲೆ ಎಲ್ಲ ಫೋನುಗಳಲ್ಲಿ ವೈಫೈ ಒಮ್ಮೆ ಆಫ್–ಆನ್ ಮಾಡಿ, ಇಲ್ಲವಾದರೆ ಹಳೆಯ ವಿಳಾಸವೇ ಅಂಟಿಕೊಂಡಿರುತ್ತದೆ.

ಪ್ರಶ್ನೆ: ವಾಟ್ಸಾಪ್ ಓಡುತ್ತದೆ, ಕೆಲವು ಸೈಟುಗಳು ಮಾತ್ರ ಸುತ್ತುತ್ತಲೇ ಇರುತ್ತವೆ. – ಓದುಗರು, ಮೈಸೂರು

ಉತ್ತರ: ಪಿಪಿಪಿಓಇ ಕನೆಕ್ಷನ್ ಆದರೆ ರೂಟರ್‌ನ ವ್ಯಾನ್ ಸೆಟ್ಟಿಂಗ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ. 1500 ಇದ್ದರೆ 1492 ಮಾಡಿ. ಪಿಪಿಪಿಓಇ ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ತಿನ್ನುತ್ತದೆ. ಅದರಿಂದಲೂ ಆಗದಿದ್ದರೆ 1400ಕ್ಕೆ ಇಳಿಸಿ ನೋಡಿ.