ಉ: ಟಿವಿಲಿ ಕೋಚ್ ಕೂಗಿದ್ರೆ ಸರಿ, ನಾನು ಹೇಳಿದ್ರೆ ವಾರ್ನಿಂಗಾ?

ಮಗಳ ಅಂಡರ್-14 ಟೆನಿಸ್ ಮ್ಯಾಚಲ್ಲಿ ಬೇಲಿ ಆಚೆಯಿಂದ ತುಳುವಲ್ಲಿ "ಬ್ಯಾಕ್‌ಹ್ಯಾಂಡಿಗೆ ಹಾಕು" ಅಂದದ್ದಕ್ಕೆ ರೆಫ್ರಿ ವಾರ್ನಿಂಗ್ ಕೊಟ್ರು, ಟಿವಿಲಿ ಕೋಚ್‌ಗಳು ಬೊಬ್ಬೆ ಹಾಕ್ತಾರಲ್ಲ ಅಂತ ಕೇಳಿದ್ದೀರಿ. ಎರಡೂ ಸರಿಯೇ ಮಾರಾಯ್ರೆ.

ಮೊದಲು ಮ್ಯಾಚ್ ನಡುವೆ ಕೋಚಿಂಗಿಗೆ ಹೆಚ್ಚಿನ ಕಡೆ ನಿಷೇಧವೇ ಇತ್ತು, 2018ರ ಯುಎಸ್ ಓಪನ್ ಫೈನಲಲ್ಲಿ ಸೆರೆನಾ ವಿಲಿಯಮ್ಸ್‌ಗೆ ಬಿದ್ದ ಮೊದಲ ವಾರ್ನಿಂಗ್ ಇದಕ್ಕೇ, ಕೋಚ್ ಮೊರಾಟೊಗ್ಲು ಕೈಸನ್ನೆ ಮಾಡಿದ್ದು ಹೌದು ಅಂತ ಆಮೇಲೆ ಒಪ್ಪಿಕೊಂಡ್ರು, ಅವಳು ಮಾತ್ರ ನಾನು ಕೋಚಿಂಗ್ ತಗೊಳ್ಲೇ ಇಲ್ಲ ಅಂದ್ಲು. 2022ರಲ್ಲಿ ಗಂಡಸರ ಪ್ರೊ ಟೂರ್ ನಡೆಸುವ ಎಟಿಪಿ ಇದನ್ನು ಬಿಟ್ಟು ನೋಡುವ ಟ್ರಯಲ್ ಶುರು ಮಾಡ್ತು, 2025ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ (ಐಟಿಎಫ್) ರೂಲ್ ಬುಕ್ಕಲ್ಲೇ ಗ್ಯಾಲರಿಯಿಂದ ಕೋಚಿಂಗಿಗೆ ಜಾಗ ಸಿಕ್ತು. ಆದ್ರೆ ಬಿಡೋದು ಬಿಡದೇ ಇರೋದು ಟೂರ್ನಮೆಂಟ್ ನಡೆಸುವವರ ಕೈಲಿ ಉಂಟು. ಬಿಟ್ಟಲ್ಲೂ ಪಾಯಿಂಟ್ ನಡೀತಿರುವಾಗ ಬಾಯಿ ಬಿಡುವ ಹಾಗಿಲ್ಲ, ಎರಡು ಪಾಯಿಂಟಿನ ಮಧ್ಯೆ ಚುಟುಕಾಗಿ ಹೇಳ್ಬೇಕು. ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್ ಕತೆ ಬೇರೆ, ಅಲ್ಲಿ ಕ್ಯಾಪ್ಟನ್ ಕೋರ್ಟಲ್ಲೇ ಕೂತಿರ್ತಾರೆ.

ತುಳುವಲ್ಲಿ ಹೇಳಿದ್ರೆ ಗೊತ್ತಾಗಲ್ಲ ಅನ್ಬೇಡಿ, ನಮ್ಮ ಕಾಸರಗೋಡಲ್ಲಿ ಕನ್ನಡ, ತುಳು, ಮಲಯಾಳ ಯಾವ್ದೂ ಗುಟ್ಟಿನ ಭಾಷೆ ಅಲ್ಲ! ನಾನೂ ಒಮ್ಮೆ ಕೊಡೆ ಬಿಡಿಸಿ ಮುಚ್ಚಿ ಮಗನಿಗೆ ಸನ್ನೆ ಮಾಡಿ ಸಿಕ್ಕಿಬಿದ್ದವನೇ, ಮಳೆ ಇರ್ಲಿಲ್ಲ ನೋಡಿ. ಮುಂದಿನ ಸಲ ಡ್ರಾ (ಯಾರಿಗೆ ಯಾರು ಎದುರು ಅನ್ನೋ ಪಟ್ಟಿ) ಹಾಕುವಾಗಲೇ ರೆಫ್ರಿ ಹತ್ರ ಕೇಳಿಬಿಡಿ.