ಕಮಿಟ್ ಮಾಡಲು ಹೆದರುತ್ತಿದ್ದ ಹುಡುಗ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಕಂಪನಿಯಲ್ಲಿ ಡೆವಲಪರ್. ವಯಸ್ಸು ಮೂವತ್ತರ ಒಳಗೆ. ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಭಾನುವಾರ ಸಂಜೆ ಆದರೆ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ. ಕೆಲಸ ಜಾಸ್ತಿಯಾಗಿದೆ ಅಂತ ಮನೆಯವರು ತಿಳಿದಿದ್ದರು. ಮಾತಾಡುತ್ತಾ ಹೋದಾಗ ಗೊತ್ತಾಯಿತು, ಕೆಲಸವೇನೋ ಮುಗಿಯುತ್ತಿತ್ತು, ಆದರೆ ಮುಗಿದದ್ದನ್ನು ಒಪ್ಪಿಸಲು ಇವರಿಗೆ ಧೈರ್ಯ ಬರುತ್ತಿರಲಿಲ್ಲ. ಬರೆದ ಕೋಡನ್ನು ವಾರಗಟ್ಟಲೆ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಕಮಿಟ್ (ಮಾಡಿದ ಬದಲಾವಣೆಯನ್ನು ತಮ್ಮ ಹೆಸರಿನಲ್ಲಿ ದಾಖಲಿಸುವುದು) ಕೂಡ ಮಾಡುತ್ತಿರಲಿಲ್ಲ.

ಯಾಕೆ ಅಂತ ಕೇಳಿದೆ. “ಮೇಡಂ, ಒಂದ್ಸಲ ಕಮಿಟ್ ಮಾಡಿದ್ರೆ ನನ್ನ ಹೆಸರು ಅಲ್ಲೇ ಉಳಿದುಬಿಡುತ್ತೆ” ಅಂದರು.

ಹಿಂದೊಮ್ಮೆ ಲೈವ್‌ನಲ್ಲಿ ಏನೋ ಕೆಟ್ಟಾಗ ಹಿರಿಯರೊಬ್ಬರು ಮೀಟಿಂಗ್‌ನಲ್ಲೇ ಸ್ಕ್ರೀನ್ ಶೇರ್ ಮಾಡಿ, ಗಿಟ್ ಬ್ಲೇಮ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲಿನ ಪಕ್ಕ ಹೆಸರು ತೋರಿಸುವ ಸೌಲಭ್ಯ) ತೆಗೆದು, ಇವರ ಹೆಸರನ್ನು ಎಲ್ಲರ ಮುಂದೆ ಓದಿದ್ದರು. ಅಲ್ಲಿಂದ ಶುರು. ಆ ಹೆಸರು ಹೇಳುವುದು ಇಷ್ಟೇ: ಆ ಸಾಲನ್ನು ಕೊನೆಗೆ ಮುಟ್ಟಿದವರು ಯಾರು, ಯಾವಾಗ. ಬರೀ ಸ್ಪೇಸ್ ಸರಿ ಮಾಡಿದವರ ಹೆಸರೂ ಬರಬಹುದು. ಬೇಗ ಮುಗಿಸಿ ಅಂತ ಅವಸರ ಮಾಡಿದವರು, ಟೆಸ್ಟ್ ಮಾಡದೆ ಬಿಟ್ಟವರು, ರಿವ್ಯೂನಲ್ಲಿ ಸುಮ್ನೆ ಓಕೆ ಅಂದವರು ಅಲ್ಲಿ ಕಾಣುವುದೇ ಇಲ್ಲ. ಅದನ್ನಿಟ್ಟುಕೊಂಡು ಒಬ್ಬರನ್ನು ನಿಲ್ಲಿಸಿ ಬೈಯುವುದು ಅನ್ಯಾಯ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಮುಂದಿನದು ನೀವೇ ಊಹಿಸಬಹುದು. ಕೂಡಿಟ್ಟ ಕೋಡ್ ಕೊನೆಗೆ ದೊಡ್ಡ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಆಗಿ ಹೋಗುತ್ತಿತ್ತು. ಅಷ್ಟರಲ್ಲಿ ಉಳಿದವರ ಕೋಡ್ ಮುಂದೆ ಹೋಗಿರುತ್ತಿತ್ತು, ಮರ್ಜ್ ಮಾಡಲು, ಅಂದರೆ ಎಲ್ಲರ ಕೋಡಿಗೆ ಸೇರಿಸಲು ಹೋದರೆ ಬರೀ ಕಾನ್‌ಫ್ಲಿಕ್ಟ್, ಒಂದಕ್ಕೊಂದು ಹೊಂದದ ಬದಲಾವಣೆಗಳು. ಅಷ್ಟುದ್ದದ್ದನ್ನು ನೋಡುವವರಿಗೂ ಸಿಟ್ಟು, ಕಾಮೆಂಟ್ ಮೇಲೆ ಕಾಮೆಂಟ್. ಅದನ್ನು ಓದಿ ಇವರಿಗೆ ಇನ್ನಷ್ಟು ಭಯ.

ಗಿಟ್‌ಗಿಂತ ಹಳೆಯ ಸಾಫ್ಟ್‌ವೇರ್‌ಗಳಾದ ಸಿವಿಎಸ್, ಸಬ್‌ವರ್ಷನ್ ಬಳಸುವಾಗ ಕಮಿಟ್ ಅಂದರೆ ನೇರ ಎಲ್ಲರ ಸರ್ವರ್‌ಗೇ ಹೋಗುತ್ತಿತ್ತು. ಆಗ ಹಿಂದೆಮುಂದೆ ನೋಡುವುದಕ್ಕೆ ಅರ್ಥವಿತ್ತು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಶುರುಮಾಡಿದ ಗಿಟ್‌ನಲ್ಲಿ ಹಾಗಿಲ್ಲ. ಪುಶ್ ಮಾಡುವ, ಅಂದರೆ ಸರ್ವರ್‌ಗೆ ಕಳಿಸುವ ತನಕ ಕಮಿಟ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಇವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಹೆದರಿದ ಮನಸ್ಸಿಗೆ ಕಮಿಟ್ಟೂ ಪುಶ್ಶೂ ಒಂದೇ ಆಗಿಬಿಟ್ಟಿದ್ದವು.

ಹಾಗಾಗಿ ಮೊದಲ ಸಲಹೆ ಅಲ್ಲಿಂದಲೇ. ನಿಮ್ಮ ಸ್ವಂತ ಬ್ರಾಂಚ್‌ನಲ್ಲಿ (ಮುಖ್ಯ ಕೋಡಿನಿಂದ ಬೇರೆಯಾಗಿ ಕೆಲಸ ಮಾಡುವ ಕವಲು) ಚಿಕ್ಕ ಚಿಕ್ಕ ಕಮಿಟ್ ಮಾಡಿ, ಮೆಸೇಜ್ ಹೇಗಿದ್ದರೂ ಪರವಾಗಿಲ್ಲ. ಬೇರೆಯವರು ಆ ಬ್ರಾಂಚ್ ಬಳಸದಿದ್ದರೆ, ಪುಶ್‌ಗೆ ಮುಂಚೆ ರಿಬೇಸ್ ಮಾಡಿ (ಕಮಿಟ್‌ಗಳನ್ನು ಮರುಜೋಡಿಸಿ) ಅವನ್ನು ಕೂಡಿಸಬಹುದು, ಮೆಸೇಜ್ ತಿದ್ದಬಹುದು. ಕೈತಪ್ಪಿ ಹೋದ ಕಮಿಟ್ ಕೂಡ ಸಾಮಾನ್ಯವಾಗಿ 30 ದಿನ ರಿಫ್‌ಲಾಗ್‌ನಲ್ಲಿ, ಅಂದರೆ ಗಿಟ್ ಇಟ್ಟುಕೊಳ್ಳುವ ಹಿಂದಿನ ಸ್ಥಿತಿಗಳ ಪಟ್ಟಿಯಲ್ಲಿ ಸಿಗುತ್ತದೆ. ಕಮಿಟ್ಟೇ ಮಾಡದ ಕೋಡಿಗೆ ಆ ಭದ್ರತೆ ಇಲ್ಲ ಅಲ್ವಾ?

ಇದು ರೂಢಿಯಾದ ಮೇಲೆ, ನಂಬಿಕೆ ಇರುವ ಒಬ್ಬ ಸಹೋದ್ಯೋಗಿಗೆ ಒಂದೇ ಒಂದು ಚಿಕ್ಕ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಕಳಿಸಲು ಹೇಳಿದೆ. ಭಯಪಡುವ ಕೆಲಸವನ್ನು ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಸಹಿಸುವಷ್ಟೇ ಚಿಕ್ಕದಾಗಿ ಮಾಡುತ್ತಾ ಬಂದರೆ ನಿಧಾನವಾಗಿ ಇಳಿಯುತ್ತದೆ.

ಮ್ಯಾನೇಜರ್ ಜೊತೆ ಮಾತಾಡುವುದು ಕಷ್ಟದ ಭಾಗ. ಏನು ಹೇಳಬೇಕೆಂದು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. “ತಪ್ಪಿದ್ರೆ ಹೇಳಿ, ತಿದ್ದಿಕೊಳ್ತೀನಿ. ಎಲ್ಲರ ಮುಂದೆ ಹೆಸರು ಓದಬೇಡಿ, ನನಗೇ ಮೆಸೇಜ್ ಮಾಡಿ.” ಇಷ್ಟೇ. ಅವರು ಕೇಳಿಸಿಕೊಂಡರಂತೆ. ಟೀಮ್ ಪೂರ್ತಿ ಬದಲಾಗಿಲ್ಲ, ಆದರೆ ಇವರ ಪುಲ್ ರಿಕ್ವೆಸ್ಟ್‌ಗಳು ಚಿಕ್ಕದಾಗಿವೆ, ಭಾನುವಾರದ ಊಟ ಸೇರುತ್ತಿದೆ.

ಲೀಡ್ ಆಗಿರುವವರಿಗೆ ಒಂದು ಮಾತು. ಬ್ಲೇಮ್ ತೆಗೆದಾಗ ಹೆಸರಿನ ಹತ್ತಿರವೇ ನಿಲ್ಲಬೇಡಿ. ಆ ಕಮಿಟ್ ತೆರೆದು, ಈ ಸಾಲು ಯಾಕೆ ಬಂತು ಅಂತ ಓದಿ. ಗೊತ್ತಾಗದಿದ್ದರೆ ಬರೆದವರನ್ನು ಒಬ್ಬರೇ ಇರುವಾಗ ಕೇಳಿ.

ಇದನ್ನು ಓದುತ್ತಿರುವ ಯಾರಿಗಾದರೂ ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.