ನೆನಪಿನ ಕಸರತ್ತು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ದಿನಾ ಬೆಳಗ್ಗೆ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂರುತ್ತೇನೆ. ಒಂದೊಂದು ಪುಟವನ್ನೂ ಎರಡೆರಡು ಸಲ ಓದುತ್ತೇನೆ. ಮಾರನೇ ದಿನ ಮೊಮ್ಮಗ ಕೇಳಿದರೆ ಎಲ್ಲ ಖಾಲಿ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರ ಹೆಸರು ಕೂಡ ಸಾಲಾಗಿ ಬರುವುದಿಲ್ಲ. ವಯಸ್ಸಾಯಿತು ಅಂತ ಬಿಟ್ಟುಬಿಡಲೇ?
– ಬ್ಯಾಂಕಿನಿಂದ ನಿವೃತ್ತರಾದ ಓದುಗರು, ಮುಲುಂಡ್

ಖಂಡಿತ ಬಿಡಬೇಡಿ. ಓದುವುದನ್ನು ಸ್ವಲ್ಪ ಕಡಿಮೆ ಮಾಡಿ, ಪುಸ್ತಕ ಮುಚ್ಚಿ ನಿಮ್ಮನ್ನು ನೀವೇ ಕೇಳಿಕೊಳ್ಳುವುದನ್ನು ಜಾಸ್ತಿ ಮಾಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಾದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ನೋಡಿದರೆ ಬರೆದವರು ಮುಂದೆ ಬಂದಿದ್ದರು. ಓದುವಾಗ 'ಗೊತ್ತಿದೆ' ಅನಿಸುತ್ತದೆ, ಅಷ್ಟೇ. ತಡಕಾಡಿ ಹೊರಗೆ ತೆಗೆದಾಗಲೇ ಅದು ಉಳಿಯುವುದು. ಹಾಗಾಗಿ ಉತ್ತರ ಹೊಳೆಯದಿದ್ದರೆ ತಕ್ಷಣ ಪುಟ ತಿರುಗಿಸಬೇಡಿ. ಒಂದೆರಡು ನಿಮಿಷ ಒದ್ದಾಡಿ, ಆಮೇಲೆ ನೋಡಿ.

ಇನ್ನು ಸಾಲಾಗಿ ನೆನಪಿಡುವ ವಿಷಯ. ಇದನ್ನು ನನಗೆ ಕಲಿಸಿದ್ದು ಒಬ್ಬ ಹೋಟೆಲ್ ಹುಡುಗ. ಹಗಲು ಆಫೀಸು ಮುಗಿಸಿ ನಾನು ಮುಂಬೈನ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ದಿನವಿಡೀ ದುಡಿದು, ಕೈಯಲ್ಲಿ ಇನ್ನೂ ಸಾಂಬಾರಿನ ವಾಸನೆ ಇಟ್ಟುಕೊಂಡೇ ಹುಡುಗರು ಬೆಂಚಿನಲ್ಲಿ ಕೂರುತ್ತಿದ್ದರು. ಇವನಿಗೆ ಇತಿಹಾಸದ ಇಸವಿ ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಹೋಟೆಲಿನಲ್ಲಿ ಚೀಟಿ ಇಲ್ಲದೆ ಎಲ್ಲ ಟೇಬಲ್ಲಿನ ಆರ್ಡರನ್ನೂ ಅಡುಗೆಮನೆಗೆ ಕೂಗಿ ಹೇಳುತ್ತಿದ್ದ. ಹೇಗಪ್ಪಾ ಅಂದೆ. 'ಕಣ್ಣು ಮುಚ್ಚಿದರೆ ಟೇಬಲ್ ಕಾಣ್ತದೆ ಸಾರ್, ಮೂಲೆಯಲ್ಲಿ ಮಸಾಲೆ ದೋಸೆ, ಫ್ಯಾನಿನ ಕೆಳಗೆ ಎರಡು ಚಹಾ' ಅಂದ. ಅವತ್ತಿನಿಂದ ರಾಜರನ್ನೂ ಯುದ್ಧಗಳನ್ನೂ ಅವನ ಟೇಬಲ್ಲುಗಳ ಮೇಲೆ ಕೂರಿಸಿದೆವು. ಪ್ರಾಚೀನ ಗ್ರೀಸಿನ ಭಾಷಣಕಾರರು ಮಾಡುತ್ತಿದ್ದದ್ದೂ ಇದನ್ನೇ. ಗೊತ್ತಿರುವ ಜಾಗದ ಒಂದೊಂದು ಮೂಲೆಯಲ್ಲಿ ಒಂದೊಂದು ಸಂಗತಿಯನ್ನು ಇಟ್ಟು, ಮನಸ್ಸಿನಲ್ಲೇ ಅಲ್ಲಿ ನಡೆದು ಹೋಗುವುದು.

ನಿಮಗೆ ಟೇಬಲ್ ಬೇಡ, ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನ್ ಸಾಕು. ಸಿಎಸ್‌ಎಂಟಿಯಿಂದ ದಾದರ್‌ವರೆಗೆ ಸ್ಲೋ ಗಾಡಿಗೆ ಸರಿಯಾಗಿ ಎಂಟು ಸ್ಟೇಷನ್. ಜ್ಞಾನಪೀಠವೂ ಎಂಟು. ಸಿಎಸ್‌ಎಂಟಿಯ ದೊಡ್ಡ ಗುಮ್ಮಟದ ಕೆಳಗೆ ಕುವೆಂಪು ನಿಂತಿದ್ದಾರೆ, 1967. ಆ ವರ್ಷದ ಪ್ರಶಸ್ತಿಯನ್ನು ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆ ಹಂಚಿಕೊಂಡರು, ಆದ್ದರಿಂದ ಪಕ್ಕದಲ್ಲಿ ಒಬ್ಬ ಗುಜರಾತಿ ಕವಿಯನ್ನೂ ನಿಲ್ಲಿಸಿ. ಮಸ್ಜಿದ್‌ನ ಸಗಟು ಅಂಗಡಿಗಳ ಗದ್ದಲದಲ್ಲಿ ಬೇಂದ್ರೆ, 1973. ಸ್ಯಾಂಡ್‌ಹರ್ಸ್ಟ್ ರೋಡ್‌ನಲ್ಲಿ ಪ್ಲಾಟ್‌ಫಾರ್ಮು ಕೆಳಗೂ ಇದೆ, ಮೇಲೂ ಇದೆ. ಅಲ್ಲಿ ಮೆಟ್ಟಿಲ ಮೇಲೆ ಯಕ್ಷಗಾನದ ಹೆಜ್ಜೆ ಹಾಕುತ್ತಾ ಕಾರಂತರು, 1977. ಬೈಕಲಾದಲ್ಲಿ ಪೇಟ ಸರಿಮಾಡಿಕೊಂಡು ರಾಣಿಬಾಗ್ ಮೃಗಾಲಯಕ್ಕೆ ಹೊರಟ ಮಾಸ್ತಿ, 1983. ಗಣಪತಿಯ ಜನಜಂಗುಳಿಗೆ ಹೆಸರಾದ ಚಿಂಚ್‌ಪೋಕ್ಲಿಯಲ್ಲಿ ಗೋಕಾಕರು, 1990. ಅವರ ವರದಿಗಾಗಿ ಬೀದಿಗಿಳಿದ ಜನರನ್ನು ನೆನೆದರೆ ಆ ಗುಂಪು ಸರಿಹೋಗುತ್ತದೆ, ಅಲ್ವಾ? ಕರಿ ರೋಡ್‌ನಲ್ಲಿ ಬಿಳಿ ಗಡ್ಡದ ಅನಂತಮೂರ್ತಿ, 1994. ನಾಟಕಗಳಿಗೆ ಹೆಸರಾಗಿದ್ದ ದಾಮೋದರ್ ಹಾಲ್ ಪರೇಲ್‌ನಲ್ಲಿ, ಆದ್ದರಿಂದ ಅಲ್ಲಿ ಕಾರ್ನಾಡರು, 1998. (ಅವರು ಹುಟ್ಟಿದ್ದು ನಮ್ಮ ಮಾಥೇರಾನ್‌ನಲ್ಲಿ, 1938ರಲ್ಲಿ. ಈ ಪ್ರಶ್ನೆಗೆ ಎಷ್ಟೋ ಜನ ಧಾರವಾಡ ಅನ್ನುತ್ತಾರೆ.) ಕೊನೆಗೆ ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಜನಪದ ಹಾಡು ಹೇಳುತ್ತಾ ಕಂಬಾರರು, 2010.

ಮಾರನೇ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಈ ಪ್ರಯಾಣ ಮಾಡಿ. ಬರಬರುತ್ತಾ ದಾದರ್‌ನಿಂದ ವಾಪಸ್ಸೂ ಬನ್ನಿ. ಹೀಗೆ ಬಿಟ್ಟು ಬಿಟ್ಟು ನೆನೆಯುವುದು ಒಂದೇ ದಿನ ಗಟ್ಟು ಹೊಡೆಯುವುದಕ್ಕಿಂತ ಮೇಲು ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು.

ನಮ್ಮ ಸೊಸೈಟಿಯ ಕ್ವಿಜ್‌ನಲ್ಲಿ ಎರಡು ಪ್ರಶ್ನೆಗೆ ಜಗಳ ಆಯಿತು. ಒಂದು, ಐದನೇ ಜಾರ್ಜ್ ದೊರೆ ಗೇಟ್‌ವೇ ಆಫ್ ಇಂಡಿಯಾದ ಒಳಗಿಂದ ಮುಂಬೈಗೆ ಬಂದನೇ? ಎರಡು, ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ವಿಟಿಯಿಂದಲೇ (ವಿಕ್ಟೋರಿಯಾ ಟರ್ಮಿನಸ್, ಈಗಿನ ಸಿಎಸ್‌ಎಂಟಿ)?
– ಎಂಟನೇ ಕ್ಲಾಸಿನ ಹುಡುಗಿ, ಥಾಣೆ

ಎರಡಕ್ಕೂ ಉತ್ತರ 'ಅಲ್ಲ', ಪುಟ್ಟಾ. ದೊರೆ ಮುಂಬೈಗೆ ಬಂದಿದ್ದು 1911ರ ಡಿಸೆಂಬರ್‌ನಲ್ಲಿ. ಗೇಟ್‌ವೇಗೆ ಅಡಿಗಲ್ಲು ಹಾಕಿದ್ದು 1913ರಲ್ಲಿ, ಅದು ಪೂರ್ತಿಯಾಗಿದ್ದು 1924ರಲ್ಲಿ. ಅವನ ಭೇಟಿಯ ನೆನಪಿಗೆ ಕಟ್ಟಿದ್ದು ಹೌದು, ಅವನು ಬಂದಾಗ ಈ ಕಲ್ಲಿನ ಕಮಾನು ಇರಲಿಲ್ಲ. ಆದರೆ ಅದರೊಳಗಿಂದ ಹೊರಗೆ ಹೋದವರು ಇದ್ದಾರೆ. ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ 1948ರ ಫೆಬ್ರವರಿ 28ರಂದು ಅಲ್ಲಿಂದಲೇ ಹಡಗು ಹತ್ತಲು ನಡೆಯಿತು. ನನಗಂತೂ ಆ ಕಟ್ಟಡದ ಬಗ್ಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ.

ರೈಲು 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರ್‌ನಿಂದ ನಿಮ್ಮ ಥಾಣೆಗೆ ಬಂತು. ಸುಮಾರು 34 ಕಿಲೋಮೀಟರ್ ದಾರಿ, 14 ಡಬ್ಬಿ, ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್. ವಿಟಿ ಕಟ್ಟಡದ ಕೆಲಸ ಶುರುವಾಗಿದ್ದೇ 1878ರಲ್ಲಿ. ಆಮೇಲೆ 1996ರಲ್ಲಿ ಹೆಸರು ಬದಲಾಯಿತು, 2004ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ಪ್ರಶ್ನೆ ಬಂದಾಗ 'ಯಾವುದು ಮೊದಲು?' ಅಂತ ಕೇಳಿಕೋ. ದೊರೆ ಮೊದಲೋ ಕಮಾನು ಮೊದಲೋ? ರೈಲು ಮೊದಲೋ ಕಟ್ಟಡ ಮೊದಲೋ? ಬಿಡಿ ಇಸವಿ ಮರೆತುಹೋಗುತ್ತದೆ, ಎರಡು ಇಸವಿಗಳ ಜಗಳ ಮರೆಯುವುದಿಲ್ಲ.

ನಮ್ಮ ಅತ್ತೆಗೆ 82 ವರ್ಷ, ಊರು ಧಾರವಾಡ. ಮಾತಿನ ಮಧ್ಯೆ ಹೆಸರು ಸಿಗದೆ ತಡವರಿಸುತ್ತಾರೆ, ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಕ್ವಿಜ್ ಆಡಿಸಿದರೆ ಒಳ್ಳೆಯದೇ? ಡಾಕ್ಟರಿಗೆ ತೋರಿಸಬೇಕೇ?
– ಗೃಹಿಣಿ, ಡೊಂಬಿವ್ಲಿ

ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು ಎಲ್ಲ ವಯಸ್ಸಿನಲ್ಲೂ ಆಗುತ್ತದೆ, ವಯಸ್ಸಾದಂತೆ ಜಾಸ್ತಿ ಆಗುತ್ತದೆ. ನೀವು ತಕ್ಷಣ ಹೆಸರು ಹೇಳಬೇಡಿ. ಸ್ವಲ್ಪ ಕಾಯಿರಿ, ಆಮೇಲೆ ಮೊದಲ ಅಕ್ಷರ ಮಾತ್ರ ಕೊಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆದರೆ ದಿನಾ ಹೋಗುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಚಿಲ್ಲರೆ ಲೆಕ್ಕ ಏರುಪೇರಾಗುವುದು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. 'ವಯಸ್ಸಾಯಿತು ಬಿಡಿ' ಅಂತ ಮನೆಯವರೇ ತೀರ್ಪು ಕೊಟ್ಟು ಕೂರುವುದನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ.

ಕ್ವಿಜ್ ಆಡಿಸಿ, ಆದರೆ ಅವರ ಕಾಲದ್ದನ್ನು ಕೇಳಿ. ಈಗಿನ ಕ್ರಿಕೆಟ್ ಟೀಮು ಕೇಳಿ ಅವರನ್ನು ಸೋಲಿಸುವುದರಲ್ಲಿ ಏನಿದೆ? 'ನೀವು ಒಂದನೇ ಕ್ಲಾಸಿಗೆ ಸೇರಿದಾಗ ಧಾರವಾಡ ಯಾವ ಆಡಳಿತಕ್ಕೆ ಸೇರಿತ್ತು?' ಅಂತ ಕೇಳಿ. ಮುಂಬೈಗೆ! ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕರ್ನಾಟಕ ಎಂಬ ಹೆಸರು ಬಂದಿದ್ದು 1973ರ ಅದೇ ದಿನ. ಆಮೇಲೆ ರೂಪಾಯಿಗೆ ಎಷ್ಟು ಆಣೆ ಕೇಳಿ. ಹದಿನಾರು ಅಂತ ಥಟ್ಟನೆ ಬರುತ್ತದೆ. ಆಣೆಗೆ ನಾಲ್ಕು ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ರೂಪಾಯಿಗೆ ನೂರಾಯಿತು. ಹಾಗಾದರೆ ಒಂದಾಣೆಗೆ ಎಷ್ಟು ನಯಾ ಪೈಸೆ? ಆರೂ ಕಾಲು. ಅಂಗಡಿಯವನು ಆ ಕಾಲು ಪೈಸೆಗೆ ಏನು ಮಾಡುತ್ತಿದ್ದ ಅಂತ ಕೇಳಿ ನೋಡಿ. ಅತ್ತೆಯ ಮಾತು ನಿಲ್ಲುವುದಿಲ್ಲ, ನಿಮಗೂ ಹೊಸದೇನೋ ಸಿಗುತ್ತದೆ.

ಪಂಡಿತ್ ಭೀಮಸೇನ ಜೋಶಿ ಪುಣೆಯವರೋ, ನಮ್ಮವರೋ?
– ಐಟಿ ಉದ್ಯೋಗಿ, ಪುಣೆ

ಹುಟ್ಟಿದ್ದು 1922ರಲ್ಲಿ, ಈಗಿನ ಗದಗ ಜಿಲ್ಲೆಯಲ್ಲಿ. ಗುರು ಕುಂದಗೋಳದ ಸವಾಯಿ ಗಂಧರ್ವರು. ಗುರು ತೀರಿಕೊಂಡದ್ದು 1952ರಲ್ಲಿ, ಅವರ ಹೆಸರಿನ ಸಂಗೀತೋತ್ಸವ ಪುಣೆಯಲ್ಲಿ ಶುರುವಾದದ್ದು 1953ರಲ್ಲಿ. ಭಾರತರತ್ನ 2008ರಲ್ಲಿ. ಎರಡೂ ಊರಿಗೆ ಸೇರಿದವರು ಅಂತ ಧೈರ್ಯವಾಗಿ ಹೇಳಿ.

ಗೋವಾ ಭಾರತಕ್ಕೆ ಸೇರಿದ್ದು 1961ರಲ್ಲೋ 1987ರಲ್ಲೋ?
– ವಾಸ್ಕೊದ ಓದುಗರು

1961ರ ಡಿಸೆಂಬರ್ 19ರಂದು ಪೋರ್ಚುಗೀಸರಿಂದ ಬಿಡುಗಡೆ. ಆಮೇಲೆ ದಮನ್, ದಿಯು ಜೊತೆ ಕೇಂದ್ರಾಡಳಿತ ಪ್ರದೇಶ. 1987ರ ಮೇ 30ರಂದು 25ನೇ ರಾಜ್ಯ.

ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. 72 ಮೇಳಕರ್ತ (ಅಂದರೆ ಮೂಲ) ರಾಗಗಳ ಸಂಖ್ಯೆ ಬಾಯಿಪಾಠ ಮಾಡಲು ಒದ್ದಾಡುತ್ತಾಳೆ. ಏನಾದರೂ ಉಪಾಯ?
– ಓದುಗರು, ಮಾಟುಂಗಾ

ಉಪಾಯ ರಾಗದ ಹೆಸರಿನಲ್ಲೇ ಇದೆ. ಕಟಪಯಾದಿ ಎಂಬ ಲೆಕ್ಕ. ಕ ದಿಂದ, ಟ ದಿಂದ, ಪ ದಿಂದ, ಯ ದಿಂದ, ನಾಲ್ಕು ಕಡೆಯಿಂದಲೂ ಒಂದು, ಎರಡು, ಮೂರು ಅಂತ ಎಣಿಸಬೇಕು. ಕ 1, ಖ 2, ಗ 3 ಹೀಗೆ ಝ ಬಂದಾಗ 9, ಞ ಸೊನ್ನೆ. ಟ ದಿಂದ ಎಣಿಸಿದರೆ ಧ 9, ನ ಸೊನ್ನೆ. ಪ ದಿಂದ ಮ ವರೆಗೆ 1ರಿಂದ 5. ಯ ದಿಂದ ಹ ವರೆಗೆ 1ರಿಂದ 8. ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ಬರೆದು ತಿರುಗಿಸಿದರೆ ರಾಗದ ಸಂಖ್ಯೆ ಬಂತು.

ಮೊದಲ ಪಾಠವಾದ ಸರಳೆ ವರಸೆಯನ್ನು ಕಲಿಯುವ ರಾಗ ಮಾಯಾಮಾಳವಗೌಳ ತೆಗೆದುಕೊಳ್ಳಿ. ಮಾ 5, ಯಾ 1. ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ ಧೀ 9, ರ 2, ಅಂದರೆ 29. ಮೇಚಕಲ್ಯಾಣಿಯಲ್ಲಿ ಮೇ 5, ಚ 6, ಅಂದರೆ 65. ಸಂಖ್ಯೆ 36 ದಾಟಿದರೆ ಪ್ರತಿಮಧ್ಯಮ (ಮೇಲಿನ ಮ ಸ್ವರ), ಅದರೊಳಗಿದ್ದರೆ ಶುದ್ಧಮಧ್ಯಮ (ಕೆಳಗಿನ ಮ ಸ್ವರ). ಕಲ್ಯಾಣಿ ಯಾಕೆ ಪ್ರತಿಮಧ್ಯಮ ಅಂತ ಬೇರೆ ಬಾಯಿಪಾಠ ಮಾಡಬೇಕಿಲ್ಲ. ನೂರಾರು ವರ್ಷ ಹಿಂದಿನವರು ನೆನಪಿಗೆ ಇಷ್ಟು ಒಳ್ಳೆಯ ಕೊಕ್ಕೆ ಮಾಡಿಟ್ಟು ಹೋಗಿದ್ದಾರೆ, ಮಕ್ಕಳಿಗೆ ದಯವಿಟ್ಟು ಇದನ್ನು ಮೊದಲ ವರ್ಷವೇ ಕಲಿಸಿ. ಮಗಳಿಗೆ ಇವತ್ತು ರಾತ್ರಿ ಖರಹರಪ್ರಿಯ ಮತ್ತು ಹನುಮತೋಡಿ ಕೊಡಿ. ಕಾಗದ ಪೆನ್ನು ಬೇಡ, ಮನಸ್ಸಿನಲ್ಲೇ ಮಾಡಲಿ. ಮೊದಲನೆಯದಕ್ಕೆ 22, ಎರಡನೆಯದಕ್ಕೆ 8 ಬರಬೇಕು.